ಒಂದೇ ಗೆರೆ, ಎರಡು ಸಮಯ

ಅಮೆರಿಕದಲ್ಲಿ ವರ್ಷದ ಯಾವ ದಿನ ಅತಿ ಹೆಚ್ಚು ಜನ ಓಟದ ಸ್ಪರ್ಧೆಗೆ ಇಳಿಯುತ್ತಾರೆ ಎಂದು ಕೇಳಿದರೆ ಹೊಸದಾಗಿ ಬಂದವರು ಬಾಸ್ಟನ್ ಮ್ಯಾರಥಾನಿನ ದಿನವನ್ನೋ ಇಲ್ಲಿನ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕನ್ನೋ ಹೇಳುತ್ತಾರೆ. ಎರಡೂ ತಪ್ಪು. ನವೆಂಬರಿನ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ. ಮಧ್ಯಾಹ್ನ ಹೊಟ್ಟೆ ಬಿರಿಯುವಂತೆ ಉಣ್ಣಬೇಕಾದ ದಿನವೇ ಬೆಳಗಾಗೆದ್ದು ಊರೂರಲ್ಲೂ ಓಟ. ಹಬ್ಬದೂಟದ ಟರ್ಕಿ ಕೋಳಿಯ ನೆಪದಲ್ಲಿ ಇದಕ್ಕೆ ಟರ್ಕಿ ಟ್ರಾಟ್, ಅಂದರೆ ಟರ್ಕಿ ಓಟ, ಎಂದು ಹೆಸರು. ಬಹಳಷ್ಟು ಕಡೆ ಸೇರಿದ ಹಣದಲ್ಲಿ ಒಂದು ಪಾಲು ಹಸಿದವರ ಊಟಕ್ಕೋ, ಮಕ್ಕಳ ಆರೋಗ್ಯಕ್ಕೋ, ಸೂರಿಲ್ಲದವರ ಮನೆಗೋ ಹೋಗುತ್ತದೆ. ಟರ್ಕಿ ಕೋಳಿಯನ್ನು ಜನ್ಮದಲ್ಲಿ ಮುಟ್ಟದ ನಮ್ಮಂಥವರೂ ಅದರ ಚಿತ್ರವಿರುವ ಟೀ ಶರ್ಟ್ ತೊಟ್ಟು ಓಡುತ್ತೇವೆ. ಯಾರ ತಕರಾರೂ ಇಲ್ಲ. ಕೋಳಿಗಂತೂ ನಮ್ಮಿಂದ ಯಾವ ತೊಂದರೆಯೂ ಇಲ್ಲ.

ಈ ಪದ್ಧತಿಯ ಬೇರು ಹುಡುಕಿ ಹೊರಟರೆ ನ್ಯೂಯಾರ್ಕ್ ರಾಜ್ಯದ ಬಫಲೊ ನಗರವನ್ನು, 1896ನೇ ಇಸವಿಯನ್ನು ಮುಟ್ಟುತ್ತೇವೆ. ಅಲ್ಲಿನ ವೈಎಂಸಿಎ ಎಂಬ ಯುವಕರ ಸಂಸ್ಥೆ ಏರ್ಪಡಿಸಿದ್ದ 8 ಕಿಲೋಮೀಟರಿನ ಓಟಕ್ಕೆ ಆರು ಜನ ಹೊರಟು ನಾಲ್ವರು ಕೊನೆ ಮುಟ್ಟಿದ್ದರು. ಜಗತ್ತೆಲ್ಲ ಹೆಸರು ಕೇಳಿರುವ ಬಾಸ್ಟನ್ ಮ್ಯಾರಥಾನ್ ಶುರುವಾದದ್ದು ಇದಾದ ಮೇಲೆ, 1897ರ ಏಪ್ರಿಲಿನಲ್ಲಿ. ಬಫಲೊ ಓಟ ಇಂದಿಗೂ ನಡೆಯುತ್ತಿದೆ, ದೂರವೂ ಅಷ್ಟೇ ಇದೆ. ಆದರೆ ಅಂದಿನ ಆ ಆರು ಜನರಲ್ಲಿ ಗಂಡ ಹೆಂಡತಿ ಇರುವ ಪ್ರಶ್ನೆಯೇ ಇರಲಿಲ್ಲ. ದೂರ ಓಡಿದರೆ ಹೆಂಗಸರ ಮೈ ಕೆಡುತ್ತದೆ ಎಂಬ ನಂಬಿಕೆ ವೈದ್ಯರಲ್ಲೇ ಇದ್ದ ಕಾಲ ಅದು. ಬಾಸ್ಟನ್ ಮ್ಯಾರಥಾನಿನವರು ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಷ್ಟು ಹೊತ್ತಿಗೆ ನಾನು ಹುಟ್ಟಿದ್ದೆ. ಗಂಡನ ಜೊತೆ ಬೀದಿಯಲ್ಲಿ ಓಡುವುದನ್ನು ಪುರಾತನ ಸಂಪ್ರದಾಯವೆಂಬಂತೆ ಯಾರಾದರೂ ವರ್ಣಿಸಿದರೆ ನನಗೆ ಈ ಇಸವಿಗಳು ನೆನಪಾಗುತ್ತವೆ.

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಇಲ್ಲಿನ ಸಿಲಿಕಾನ್ ವ್ಯಾಲಿ ಟರ್ಕಿ ಟ್ರಾಟ್ 2005ರಲ್ಲಿ ಆರಂಭವಾಯಿತು. 20 ಸಾವಿರಕ್ಕೂ ಹೆಚ್ಚು ಜನ ಸೇರಿದ ವರ್ಷಗಳಿವೆ. 5 ಕಿಲೋಮೀಟರ್, 10 ಕಿಲೋಮೀಟರ್ ಎಂಬ ಎರಡು ಮುಖ್ಯ ಓಟಗಳಿದ್ದು, ಹಣ ಪಡೆಯುವ ಸಂಸ್ಥೆಗಳಲ್ಲಿ ಸೆಕೆಂಡ್ ಹಾರ್ವೆಸ್ಟ್ ಎಂಬ ಆಹಾರ ಸಂಗ್ರಹಾಲಯವೂ (ಫುಡ್ ಬ್ಯಾಂಕ್) ಒಂದು. ನನಗೆ ಈ ಓಟದ ಹುಚ್ಚು ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ನಮ್ಮನೆಯವರಿಗೆ ಹಿಡಿದದ್ದು ನನ್ನಿಂದ, ತೀರಾ ತಡವಾಗಿ, ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ ಎಂದು ವೈದ್ಯರು ಹೇಳಿದ ಮೇಲೆ.

ಇವರು ಉದ್ದನೆಯ ಮನುಷ್ಯ. ನಾನು ಇವರ ಭುಜಕ್ಕೆ ಬಂದರೆ ಹೆಚ್ಚು. ನಾವಿಬ್ಬರೂ ಓಡುವ ಬಟ್ಟೆ ತೊಟ್ಟು ನಿಂತರೆ ನೋಡಿದವರಿಗೆಲ್ಲ ಒಂದೇ ಅಭಿಪ್ರಾಯ: ಪಾಪ, ಗಂಡ ಹೆಂಡತಿಗಾಗಿ ನಿಧಾನ ಮಾಡಿಕೊಳ್ಳುತ್ತಿದ್ದಾನೆ. ದಾರಿ ಬದಿಯಲ್ಲಿ ಗಂಟೆ ಬಾರಿಸುವ ಅಪರಿಚಿತರು ಇವರಿಗೆ ಭೇಷ್ ಎನ್ನುತ್ತಾರೆ, ನನಗೆ ಬಿಡಬೇಡಿ ಎನ್ನುತ್ತಾರೆ. ನಿಜ ಏನೆಂದರೆ ಒಬ್ಬಳೇ ಓಡಿದರೆ ನಾನು ಕಿಲೋಮೀಟರಿಗೆ ಆರೂವರೆ ನಿಮಿಷ ತೆಗೆದುಕೊಳ್ಳುತ್ತೇನೆ, ಇವರಿಗೆ ಎಂಟು ಬೇಕು. ಉದ್ದ ಕಾಲಿನಿಂದ ಆಗುವ ಪ್ರಯೋಜನ ಮೊದಲ ಇನ್ನೂರು ಮೀಟರಿಗೆ ಮುಗಿಯುತ್ತದೆ. ಆಮೇಲೆ ಕೆಲಸ ಮಾಡುವುದು ಅಭ್ಯಾಸ, ಉಸಿರು.

ಜೊತೆಯಲ್ಲಿ ಓಡುವುದೆಂದರೆ ವೇಗ ಹೊಂದಿಸಿಕೊಳ್ಳುವುದು ಎಂದು ಹೇಳಿ ಮುಗಿಸಿಬಿಡುತ್ತಾರೆ. ಹೊಂದಿಸಿಕೊಳ್ಳುವುದರಲ್ಲೂ ಬಗೆಗಳಿವೆ. ಮುಂದೆ ಹೋಗಿ, ತಿರುವಿನಲ್ಲಿ ನಿಂತ ಜಾಗದಲ್ಲೇ ಕುಣಿಯುತ್ತ ಕಾಯುವುದು ಒಂದು ಬಗೆ. ಹಿಂದಿನವರು ಏದುಸಿರು ಬಿಡುತ್ತ ಹತ್ತಿರ ಬಂದೊಡನೆ ಮುಂದಿನವರು ನಗುನಗುತ್ತ ಮತ್ತೆ ಹೊರಡುತ್ತಾರೆ. ಕಾದವರಿಗೆ ದಣಿವಾರಿರುತ್ತದೆ, ಬಂದವರಿಗೆ ವಿಶ್ರಾಂತಿಯೇ ಇಲ್ಲ. ಹೀಗೆ ಓಡುವ ದಂಪತಿಗಳನ್ನು ನದಿ ದಂಡೆಯ ದಾರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಮನೆಗೆ ಹೋಗುವಷ್ಟರಲ್ಲಿ ಒಂದು ಜಗಳ ಖಾತ್ರಿ. ಇನ್ನೊಂದು ಬಗೆ ಇದಕ್ಕಿಂತ ನಯವಾದದ್ದು: ಪಕ್ಕದಲ್ಲೇ ಇರುತ್ತಾರೆ, ಆದರೆ ಸದಾ ಅರ್ಧ ಹೆಜ್ಜೆ ಮುಂದೆ. ನೀವು ಬಿರುಸು ಮಾಡಿ ಸರಿಸಮಕ್ಕೆ ಬಂದರೆ ಆ ಅರ್ಧ ಹೆಜ್ಜೆ ಮತ್ತೆ ಮುಂದೆ ಜರುಗುತ್ತದೆ. ಹಾಗೆ ಮಾಡುವವರಿಗೆ ತಾವು ಮಾಡುತ್ತಿದ್ದೇವೆಂಬ ಅರಿವೂ ಇರುವುದಿಲ್ಲ. ಆದರೆ ಪಕ್ಕದಲ್ಲಿರುವವರ ಕಣ್ಣಂಚಿನಲ್ಲಿ ಆ ಭುಜ ಇಡೀ ದಾರಿ ಕಾಣುತ್ತಲೇ ಇರುತ್ತದೆ.

ನಮ್ಮ ಮನೆಯ ನಿಯಮ ಮಾಡಿದವರು ಇವರೇ. “ತಿರುಗಿ ನೋಡುವಂತಿಲ್ಲ. ಭುಜಕ್ಕೆ ಭುಜ ಇರಬೇಕು. ಆಗುವುದಿಲ್ಲ ಎನಿಸಿದರೆ ನೀನು ಹೋಗಿಬಿಡು, ನನಗೆ ಬೇಸರವಿಲ್ಲ. ಆದರೆ ಇದ್ದರೆ ಪೂರ್ತಿ ಇರು.” ನಮ್ಮ ಮದುವೆಯ ಸಪ್ತಪದಿಯಲ್ಲಿ ಇವರು ಮುಂದೆ, ನಾನು ಹಿಂದೆ ಇದ್ದೆವು. ಅದು ಏಳೇ ಹೆಜ್ಜೆ, ಹೇಗೋ ಆಗುತ್ತದೆ. 5 ಕಿಲೋಮೀಟರಿಗೆ ಐದಾರು ಸಾವಿರ ಹೆಜ್ಜೆ ಬೇಕು. ಅಷ್ಟು ಹೊತ್ತು ಒಬ್ಬರ ಬೆನ್ನನ್ನು ಒಬ್ಬರು ನೋಡುತ್ತ ಹೋಗುವುದು ಕಷ್ಟ.

ಅಭ್ಯಾಸಕ್ಕೆ ನಾವು ಹೋಗುವುದು ಗ್ವಾಡಲೂಪೆ ನದಿಯ ದಂಡೆಗೆ, ಕೆಲವೊಮ್ಮೆ ಲಾಸ್ ಗ್ಯಾಟೋಸ್ ತೊರೆಯ ದಾರಿಗೆ. ಓಡುತ್ತ ಮಾತನಾಡಲು ಸಾಧ್ಯವಾಗುವಷ್ಟೇ ವೇಗದಲ್ಲಿ ಓಡಬೇಕೆಂದು ಎಲ್ಲ ತರಬೇತುದಾರರೂ ಹೇಳುತ್ತಾರೆ. ಆ ವೇಗದಲ್ಲಿ ಉಸಿರು ಮೈಗೆ ಬೇಕಾದ ಆಮ್ಲಜನಕವನ್ನು ಸರಿಯಾಗಿ ಒದಗಿಸುತ್ತದೆ, ಸ್ನಾಯುಗಳು ಬೇಗ ಸೋಲುವುದಿಲ್ಲ. ನನಗೆ ಇವರ ಕೈಗಡಿಯಾರದ ನಾಡಿಬಡಿತದ ಅಂಕಿಗಿಂತ ಇವರ ಮಾತಿನ ಮೇಲೆ ನಂಬಿಕೆ. ಪೂರ್ಣ ವಾಕ್ಯದಲ್ಲಿ ಜಗಳವಾಡುತ್ತಿದ್ದರೆ ಎಲ್ಲವೂ ಸರಿಯಾಗಿದೆ. ಎರಡು ಪದಕ್ಕೆ ಇಳಿದರೆ ಏರು ಬಂದಿದೆ. ಬರೀ ‘ಹೂಂ’ ಆದರೆ ನಾನು ಸುಮ್ಮನೆ ಹೆಜ್ಜೆ ಸಣ್ಣದು ಮಾಡುತ್ತೇನೆ, ಏನೂ ಹೇಳುವುದಿಲ್ಲ. ಹೇಳಿದರೆ ಇವರು ಬಿರುಸು ಮಾಡುತ್ತಾರೆ, ಗಂಡಸಲ್ಲವೇ.

ಮುಖ ಮುಖ ನೋಡದೆ ಒಂದೇ ದಿಕ್ಕಿಗೆ ನೋಡುತ್ತ ಆಡುವ ಮಾತಿಗೆ ಬೇರೆಯೇ ಸಲಿಗೆ ಬರುತ್ತದೆ. ತುಮಕೂರಿನ ಮನೆಯ ಪಾಲಿನ ವಿಷಯ, ಮಾವನವರನ್ನು ಒಬ್ಬರನ್ನೇ ಅಲ್ಲಿ ಎಷ್ಟು ದಿನ ಬಿಡುವುದು ಎಂಬ ವಿಷಯ, ಊಟದ ಮೇಜಿನಲ್ಲಿ ತೆಗೆದರೆ ತಟ್ಟೆ ಸದ್ದು ಮಾಡುವ ವಿಷಯಗಳೆಲ್ಲ ದಂಡೆಯ ಮೇಲೆ ಮಾತಾಗಿವೆ. ಎಲ್ಲಕ್ಕೂ ಪರಿಹಾರ ಸಿಕ್ಕಿತೆಂದಲ್ಲ. ಉಸಿರು ಉಳಿಸಿಕೊಳ್ಳಬೇಕಾದಾಗ ಮನುಷ್ಯ ಅನಾವಶ್ಯಕ ವಿಶೇಷಣಗಳನ್ನು ಕೈಬಿಡುತ್ತಾನೆ, ಅದರಿಂದಲೇ ಅರ್ಧ ಉಪಕಾರ.

ಹಬ್ಬದ ಬೆಳಿಗ್ಗೆ ಚಳಿ ಇರುತ್ತದೆ, ಬಫಲೊದಷ್ಟಲ್ಲ. ಕೈ ಮರಗಟ್ಟಿದಾಗ ಎದೆಯ ಮೇಲೆ ತೊಡುವ ಸಂಖ್ಯೆಯ ಚೀಟಿ, ಅಂದರೆ ಬಿಬ್‌ನ ನಾಲ್ಕು ಮೂಲೆಗೆ ನಾಲ್ಕು ಪಿನ್ನುಗಳನ್ನು ಚುಚ್ಚುವುದು ಸಾಹಸವೇ. ಇವರು ನನ್ನದನ್ನು ಚುಚ್ಚುತ್ತಾರೆ, ನಾನು ಇವರದನ್ನು. ಇವರು ಚುಚ್ಚಿದ್ದು ಯಾವಾಗಲೂ ಓರೆ. ಸುತ್ತ ಜಾತ್ರೆ: ಟರ್ಕಿಯ ವೇಷದ ಅಜ್ಜ, ತಳ್ಳುಗಾಡಿಯಲ್ಲಿ ನಿದ್ದೆ ಹೊಡೆಯುವ ಕೂಸು, ಒಂದೇ ಬಣ್ಣದ ಟೊಪ್ಪಿಗೆ ತೊಟ್ಟ ಹತ್ತಾರು ಜನರ ಕುಟುಂಬ, ತಾತ್ಕಾಲಿಕ ಶೌಚಾಲಯಗಳ ಮುಂದೆ ಓಟಕ್ಕಿಂತ ಉದ್ದವಾದ ಸಾಲು. ಕನ್ನಡ ಮಾತು ಎಲ್ಲಿಂದಾದರೂ ಕಿವಿಗೆ ಬಿದ್ದೇ ಬೀಳುತ್ತದೆ. ಆ ಕಡೆ ತಿರುಗಿ ನಕ್ಕರೆ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಊಟಕ್ಕೆ ಪಕ್ಕದಲ್ಲಿ ಕುಳಿತವರಾಗಿರುತ್ತಾರೆ.

ಗುಂಪಿನಲ್ಲಿ ಇಬ್ಬರು ಅಕ್ಕಪಕ್ಕ ಓಡುವುದಕ್ಕೆ ಒಂದು ಲೆಕ್ಕ ಇದೆ. ರಸ್ತೆ ಓಟದ ದೂರವನ್ನು ನಿಯಮದಂತೆ ಅಳೆಯುವಾಗ ಓಡಲು ಸಾಧ್ಯವಿರುವ ಅತಿ ಚಿಕ್ಕ ದಾರಿಯನ್ನು ಹಿಡಿಯುತ್ತಾರೆ, ತಿರುವುಗಳಲ್ಲಿ ಅಂಚುಕಲ್ಲಿನಿಂದ ಬರೀ 30 ಸೆಂಟಿಮೀಟರ್ ದೂರದಲ್ಲಿ. ಆ ಗೆರೆಯ ಮೇಲೆ ಒಬ್ಬರಿಗೆ ಮಾತ್ರ ಜಾಗ. ಪಕ್ಕದಲ್ಲಿರುವವರು ಪ್ರತಿ ತಿರುವಿನಲ್ಲೂ ಸುತ್ತು ಹಾಕಿ ಓಡಲೇಬೇಕು. ಎಡ ತಿರುವಿನಲ್ಲಿ ನಾನು ಒಳಗಿದ್ದರೆ ಇವರು ಹೊರಗೆ, ಬಲ ತಿರುವಿನಲ್ಲಿ ತಿರುಗುಮುರುಗು. ಎಡ ತಿರುವುಗಳೂ ಬಲ ತಿರುವುಗಳೂ ಸಮನಾಗಿದ್ದರೆ ನ್ಯಾಯವಾಗುತ್ತದೆ ಎಂದು ಇವರು ಒಮ್ಮೆ ನಕಾಶೆ ಹಿಡಿದು ಎಣಿಸಿದ್ದೂ ಉಂಟು. ಎಂಜಿನಿಯರನ್ನು ಮದುವೆಯಾದ ಫಲ.

ನೀರಿನ ಮೇಜು ಬಂದಾಗ ನನಗೆ ಬೇರೆಯದೇ ರಸ್ತೆ ನೆನಪಾಗುತ್ತದೆ. ಇಲ್ಲಿ ಕಾಗದದ ಲೋಟವನ್ನು ಅಂಗೈಯಲ್ಲಿಟ್ಟು ಕೈ ಚಾಚಿ ನಿಂತ ಶಾಲೆಯ ಹುಡುಗಿ. ಲೋಟದ ಬಾಯಿಯನ್ನು ಎರಡು ಬೆರಳಿನಲ್ಲಿ ಹಿಸುಕಿ ಕೊಕ್ಕಿನಂತೆ ಮಾಡಿಕೊಂಡರೆ ಓಡುತ್ತಲೇ ಕುಡಿಯಬಹುದು, ಇಲ್ಲವಾದರೆ ನೀರೆಲ್ಲ ಮೂಗಿಗೆ. ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹತ್ತಿರ, ಚಾರ್ಮಾಡಿ ಘಾಟಿಯ ತಲೆಯ ಮೇಲೆ. ಶಿವರಾತ್ರಿಗೆ ಮುಂಚೆ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಬೆಂಗಳೂರು, ಹಾಸನದ ಕಡೆಯಿಂದ ನಮ್ಮ ಮನೆಯ ಮುಂದೆಯೇ ಸಾಲುಗಟ್ಟಿ ಬರುತ್ತಿದ್ದರು. ತೋಟದಲ್ಲಿ ಕಾಫಿ ಹೂ ಬಿಡುವ ಕಾಲ. ಹೂವಿನ ವಾಸನೆಗೆ ಅವರ ಕಾಲಿಗೆ ಹಚ್ಚಿದ ನೋವಿನ ಎಣ್ಣೆಯ ವಾಸನೆ ಬೆರೆಯುತ್ತಿತ್ತು. ಅಮ್ಮ ದೊಡ್ಡ ಹಂಡೆಯಲ್ಲಿ ಮಜ್ಜಿಗೆ ಮಾಡಿ, ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿ ಗೇಟಿನ ಪಕ್ಕ ಇಡುತ್ತಿದ್ದರು. ಸ್ಟೀಲ್ ಲೋಟಗಳನ್ನು ತೊಳೆದು ಕೊಡುವುದು ನನ್ನ ಕೆಲಸ. ನಡೆಯುವವರ ಬೂಟು ಬಿರಿದಿರುತ್ತಿತ್ತು, ಕೆಲವರು ಹವಾಯಿ ಚಪ್ಪಲಿಯಲ್ಲೇ ಘಾಟಿ ಇಳಿಯುತ್ತಿದ್ದರು. ಗುಂಪಿನಲ್ಲಿ ಒಬ್ಬರ ಕಾಲಿಗೆ ಬೊಬ್ಬೆ ಬಂದರೆ ಎಲ್ಲರೂ ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಅವರಲ್ಲಿ ಯಾರೂ ‘ನಿನ್ನಿಂದ ತಡವಾಯಿತು’ ಎಂದದ್ದನ್ನು ನಾನು ಕೇಳಲಿಲ್ಲ. ಹರಕೆ ಎಲ್ಲರದೂ ಸೇರಿ ಒಂದೇ ಎಂಬಂತೆ ಕುಳಿತಿರುತ್ತಿದ್ದರು.

ಇಷ್ಟೆಲ್ಲ ಮಾಡಿದ ಅಮ್ಮನೇ ಫೋನಿನಲ್ಲಿ ಕೇಳಿದರು: “ಓಡುವುದಕ್ಕೂ ದುಡ್ಡು ಕೊಡಬೇಕೇನೇ? ಆ ದುಡ್ಡನ್ನು ನೇರವಾಗಿ ಅನ್ನಕ್ಕೆ ಕೊಟ್ಟರೆ ಆಗುವುದಿಲ್ಲವೇ?”

“ಧರ್ಮಸ್ಥಳಕ್ಕೆ ಬಸ್ಸಿದೆಯಲ್ಲಮ್ಮ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಈ ಸಲದ ಕಾಳುಮೆಣಸಿನ ಬೆಲೆಯ ಬಗ್ಗೆ ಮಾತಾಡಿದೆವು.

ಆದರೂ ಅಮ್ಮನ ಪ್ರಶ್ನೆಯನ್ನು ತಮಾಷೆಯಲ್ಲಿ ತೇಲಿಸಿಬಿಡುವುದು ಸರಿಯಲ್ಲ. ಇಂಥ ಯಾವುದೇ ಓಟದಲ್ಲಿ ನೋಂದಣಿ ಶುಲ್ಕದ ಗಣನೀಯ ಭಾಗ ರಸ್ತೆ ಮುಚ್ಚುವುದಕ್ಕೆ, ಪೊಲೀಸರ ಹೆಚ್ಚುವರಿ ವೇತನಕ್ಕೆ, ಸಮಯ ದಾಖಲಿಸುವ ಯಂತ್ರಕ್ಕೆ, ಟೀ ಶರ್ಟಿಗೆ, ಪದಕಕ್ಕೆ, ವಿಮೆಗೆ ಹೋಗುತ್ತದೆ. ಪ್ರಾಯೋಜಕ ಕಂಪನಿಗಳು ಖರ್ಚು ಹೊತ್ತಷ್ಟೂ ದಾನಕ್ಕೆ ಉಳಿಯುವುದು ಹೆಚ್ಚುತ್ತದೆ. ದಾನವಷ್ಟೇ ಉದ್ದೇಶವಾದರೆ ಮನೆಯಲ್ಲಿ ಕುಳಿತು ಚೆಕ್ ಬರೆಯುವುದು ಖಂಡಿತ ಮೇಲು. ನಾವು ಚೆಕ್ಕನ್ನೂ ಬರೆಯುತ್ತೇವೆ, ಶುಲ್ಕವನ್ನು ಹಬ್ಬದ ಖರ್ಚಿನಲ್ಲಿ ಬರೆದುಕೊಳ್ಳುತ್ತೇವೆ. ಶುಲ್ಕ ಕಟ್ಟಿದ ಮಾತ್ರಕ್ಕೆ ಪುಣ್ಯದ ಖಾತೆಗೆ ಜಮೆಯಾಯಿತು ಎಂದುಕೊಂಡು ಎರಡು ತಟ್ಟೆ ಹೆಚ್ಚು ಉಣ್ಣುವುದು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟದಲ್ಲೂ ದೇಣಿಗೆ ಸಂಗ್ರಹಿಸುವುದಕ್ಕೆ ಬೇರೆಯೇ ಏರ್ಪಾಡು ಇದೆ, ಅಲ್ಲಿ ಓಡುವ ಗೆಳತಿಯರಿಗೂ ನಾನು ಇದನ್ನೇ ಹೇಳುತ್ತೇನೆ.

ಓಟದಿಂದ ಆಗುವ ಕೆಲಸ ಬೇರೆ. ನಮ್ಮಿಬ್ಬರನ್ನು ಅದು ಸೆಕೆಂಡ್ ಹಾರ್ವೆಸ್ಟ್‌ನ ಉಗ್ರಾಣದವರೆಗೆ ಕರೆದುಕೊಂಡು ಹೋಯಿತು. ಉಳಿದ ಆಹಾರವನ್ನು ಒಂದೆಡೆ ಸೇರಿಸಿ ಹಂಚುವ ಸಂಗ್ರಹಾಲಯದ ಕಲ್ಪನೆಗೆ ರೂಪ ಕೊಟ್ಟವರು ಜಾನ್ ವ್ಯಾನ್ ಹೆಂಗೆಲ್, 1967ರಲ್ಲಿ, ಅರಿಜೋನಾದ ಫೀನಿಕ್ಸ್‌ನಲ್ಲಿ. ನಮ್ಮ ಕಣಿವೆಯ ಈ ಸಂಸ್ಥೆಯ ಮೂಲ 1974ರಲ್ಲಿದೆ. ಸಾಂಟಾ ಕ್ಲಾರಾ, ಸ್ಯಾನ್ ಮಟೇಯೊ ಎಂಬ ಎರಡು ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ಇದೇ ಆಸರೆ. ಜಗತ್ತಿನ ಅತಿ ದೊಡ್ಡ ತಂತ್ರಜ್ಞಾನ ಕಂಪನಿಗಳ ಕಚೇರಿಗಳಿರುವ ಕೌಂಟಿಗಳೂ ಇವೇ. ಇಲ್ಲಿ ಸಾಲಿನಲ್ಲಿ ನಿಲ್ಲುವವರಲ್ಲಿ ಕೆಲಸವಿಲ್ಲದವರು ಮಾತ್ರ ಇರುವುದಿಲ್ಲ. ಸಂಬಳ ಬರುತ್ತದೆ, ಬಾಡಿಗೆ ಕಟ್ಟಿದ ಮೇಲೆ ಅಡುಗೆಮನೆಗೆ ಏನೂ ಉಳಿಯುವುದಿಲ್ಲ.

ಉಗ್ರಾಣದಲ್ಲಿ ಕಿತ್ತಳೆ ಆರಿಸುವ ಕೆಲಸ ಕೊಟ್ಟಿದ್ದರು. ಎದೆಯೆತ್ತರದ ರಟ್ಟಿನ ತೊಟ್ಟಿ, ಈ ಕಡೆ ನಾನು, ಆ ಕಡೆ ಇವರು. ಹಣ್ಣಿನ ತೊಟ್ಟಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿದರೆ ಕೊಳೆತದ್ದು ಗೊತ್ತಾಗುತ್ತದೆ, ಬೆರಳು ಮೆತ್ತಗೆ ಒಳಗೆ ಇಳಿಯುತ್ತದೆ. ಅಲ್ಲಿ ಇವರದೇ ವೇಗ. ತೆಂಗಿನಕಾಯಿ ಮಂಡಿಯ ಕುಟುಂಬದವರು, ಕೈಯಲ್ಲೇ ತೂಕ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವ ಮನೆತನ. ನಾನು ಒಂದನ್ನು ತಿರುಗಿಸಿ ತಿರುಗಿಸಿ ನೋಡುವಷ್ಟರಲ್ಲಿ ಇವರು ನಾಲ್ಕು ಮುಗಿಸಿರುತ್ತಿದ್ದರು. ನನ್ನ ಕಡೆಯ ತೊಟ್ಟಿ ಹಾಗೆಯೇ ಉಳಿದಿತ್ತು. ಇವರು ಏನೂ ಹೇಳದೆ, ನನ್ನ ಕಡೆ ನೋಡದೆ, ಕೈ ಉದ್ದ ಮಾಡಿ ನನ್ನ ಬದಿಯಿಂದಲೂ ತೆಗೆದುಕೊಳ್ಳತೊಡಗಿದರು. ಭುಜಕ್ಕೆ ಭುಜ ಎಂಬ ನಿಯಮ ಇವರ ಬಾಯಲ್ಲಿ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಆಗ.

ಇನ್ನೊಂದು ದಿನ ಹಂಚುವ ಕೆಲಸ. ಕಾರುಗಳು ಒಂದರ ಹಿಂದೆ ಒಂದು ಬರುತ್ತವೆ, ಡಿಕ್ಕಿ ತೆರೆದುಕೊಳ್ಳುತ್ತದೆ, ಪೆಟ್ಟಿಗೆ ಇಟ್ಟು ಮುಚ್ಚಿ ಎರಡು ಸಲ ತಟ್ಟಿದರೆ ಕಾರು ಹೊರಡುತ್ತದೆ. ಇಡುವವರಿಗೂ ಪಡೆಯುವವರಿಗೂ ಮುಖ ನೋಡುವ ಅಗತ್ಯವೇ ಬೀಳುವುದಿಲ್ಲ. ಮೊದಲು ನನಗೆ ಇದು ಯಂತ್ರದಂತೆ ಕಂಡು ಬೇಸರವಾಗಿತ್ತು. ಆದರೆ ಯಾರೋ ಒಬ್ಬರು ವಿಳಾಸ ಕೇಳಲು ಕಿಟಕಿ ಇಳಿಸಿದಾಗ ನೋಡಿದರೆ ಅವರು ತೊಟ್ಟಿದ್ದು ಹಿಂದಿನ ವರ್ಷದ ಟರ್ಕಿ ಟ್ರಾಟ್‌ನ ಟೀ ಶರ್ಟ್. ನನ್ನ ಹತ್ತಿರವೂ ಇರುವ ಅದೇ ಅಂಗಿ. ಓಡಿ ಗಳಿಸಿದ್ದೋ, ಯಾರೋ ಕೊಟ್ಟದ್ದೋ, ಕೇಳುವ ಹಕ್ಕು ನನಗಿರಲಿಲ್ಲ. ದಾರಿ ಹೇಳಿದೆ, ಅವರು ಹಬ್ಬದ ಶುಭಾಶಯ ಹೇಳಿ ಹೊರಟರು.

ಉಪಕಾರ ಮಾಡುತ್ತಿದ್ದೇನೆಂಬುದು ಮುಖದ ಮೇಲೆ ಕಂಡರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಸಿದ್ಧಗಂಗೆಯ ದಾಸೋಹದ ಪಂಕ್ತಿಯಲ್ಲಿ ಇವರು ಚಿಕ್ಕವರಿದ್ದಾಗ ಎಷ್ಟೋ ಸಲ ಕುಳಿತಿದ್ದಾರೆ, ಇವರ ಮನೆಯಿಂದ ಅಲ್ಲಿಗೆ ತೆಂಗಿನಕಾಯಿಯೂ ಹೋಗುತ್ತಿತ್ತು. ಕೊಟ್ಟವರ ಮನೆಯ ಹುಡುಗ ಎಂದು ಪಂಕ್ತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಸಾರು ಹೆಚ್ಚು ಬೀಳುತ್ತಿರಲಿಲ್ಲ. ನಿಧಾನವಾಗಿ ಓಡುವವರ ಪಕ್ಕದಲ್ಲಿ ಓಡುವುದಕ್ಕೂ ಇದಕ್ಕೂ ನಂಟಿದೆ ಎಂದು ನನಗೆ ಅನಿಸುತ್ತದೆ. ನಾನು ನಿಧಾನ ಮಾಡಿದ್ದು ಇವರಿಗೆ ಗೊತ್ತು. ಗೊತ್ತಿದ್ದೂ ಅದನ್ನು ನಾನು ಎತ್ತಿ ತೋರಿಸದಿದ್ದರೆ ಮಾತ್ರ ಇವರು ಮಾತಾಡುತ್ತ ಓಡಬಲ್ಲರು.

ಕೊನೆಯ ಗೆರೆಯ ಕತೆಯನ್ನು ಹೇಳಲೇಬೇಕು. ಕಮಾನು ಕಂಡೊಡನೆ ಸುತ್ತಲಿನ ಜೋಡಿಗಳೆಲ್ಲ ಕೈ ಕೈ ಹಿಡಿದು, ಮೇಲಕ್ಕೆತ್ತಿ, ಛಾಯಾಗ್ರಾಹಕನ ಕಡೆ ಮುಖ ಮಾಡಿ ಓಡತೊಡಗಿದವು. ನಾನು ಇವರ ಕಡೆ ಕೈ ಚಾಚಿದೆ.

“ಧಾರೆ ಎರೆದ ದಿನ ಹಿಡಿದಿದ್ದೇನಲ್ಲ” ಎಂದರು ಇವರು. ಅಷ್ಟು ಉದ್ದದ ವಾಕ್ಯ ಬಂತೆಂದರೆ ಉಸಿರು ಚೆನ್ನಾಗಿಯೇ ಇದೆ ಎಂದು ಸಮಾಧಾನಪಟ್ಟೆ. ಭುಜಕ್ಕೆ ಭುಜ ಗೆರೆ ದಾಟಿದೆವು. ಸ್ವಯಂಸೇವಕರು ಕೊಟ್ಟ ಬಾಳೆಹಣ್ಣು ತಿಂದೆವು.

ಫಲಿತಾಂಶ ಬಂದದ್ದು ಸಂಜೆ, ಗೆಳೆಯರ ಮನೆಯಲ್ಲಿ ಬಿಸಿಬೇಳೆಬಾತ್ ಮುಗಿಸಿ ಕುಳಿತಿದ್ದಾಗ. ನೋಡಿದರೆ ಇವರ ಸಮಯ ನನ್ನದಕ್ಕಿಂತ ಒಂದು ಸೆಕೆಂಡ್ ಕಡಿಮೆ. ಬಿಬ್‌ನ ಹಿಂದೆ ಅಂಟಿಸಿರುವ ಸಣ್ಣ ಚಿಪ್ ಹೊರಡುವ ಗೆರೆಯನ್ನು ದಾಟಿದ ಕ್ಷಣದಿಂದ ಎಣಿಕೆ ಶುರು ಮಾಡುತ್ತದೆ. ಬೆಳಿಗ್ಗೆ ನೂಕುನುಗ್ಗಲಿನಲ್ಲಿ ತಳ್ಳುಗಾಡಿಯೊಂದು ನಡುವೆ ಬಂದು ಇವರು ನನಗಿಂತ ಒಂದು ಹೆಜ್ಜೆ ಹಿಂದೆ ಹೊರಟಿದ್ದರು. ಕೊನೆಯಲ್ಲಿ ಒಟ್ಟಿಗೆ ದಾಟಿದ್ದರಿಂದ ಆ ಒಂದು ಹೆಜ್ಜೆಯ ಲಾಭ ಇವರಿಗೆ. ನಾನು ಇದನ್ನು ವಿವರಿಸುವಷ್ಟರಲ್ಲಿ ಪರದೆಯ ಚಿತ್ರ ತುಮಕೂರಿನ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿತ್ತು. ಚಿಕ್ಕಮಾವನವರಿಂದ ಚಪ್ಪಾಳೆ, ನಾದಿನಿಯಿಂದ ಹಾರ, ಯಾರೋ ಸಂಬಂಧಿಕರಿಂದ ‘ಹೆಂಡತಿಗೆ ಸ್ವಲ್ಪ ಬಿಟ್ಟುಕೊಡಬಾರದಿತ್ತೇ’ ಎಂಬ ಬುದ್ಧಿಮಾತು. ಹೆಂಗಸರ ಪಟ್ಟಿ ಬೇರೆ, ಗಂಡಸರ ಪಟ್ಟಿ ಬೇರೆ, ವಯಸ್ಸಿನ ಗುಂಪಿನಲ್ಲಿ ನನ್ನ ಸ್ಥಾನ ಇವರದಕ್ಕಿಂತ ಬಹಳ ಮೇಲಿದೆ ಎಂದು ನಾನು ಬರೆದದ್ದನ್ನು ಯಾರೂ ಓದಿದಂತೆ ಕಾಣಲಿಲ್ಲ.

ಆ ಒಂದು ಸೆಕೆಂಡ್ ಇವರ ತಲೆಗೇರಿದೆ. ಈ ವರ್ಷ ನೋಂದಣಿ ತೆರೆದ ಕೂಡಲೇ ಇಬ್ಬರ ಹೆಸರಿಗೂ 10 ಕಿಲೋಮೀಟರ್ ಆರಿಸಿ ಹಣ ಕಟ್ಟಿಬಿಟ್ಟಿದ್ದಾರೆ, ನನ್ನನ್ನು ಒಂದು ಮಾತು ಕೇಳದೆ. ಮೊಣಕಾಲು ಹಿಡಿದುಕೊಂಡರೆ ಯಾರು ಹೊತ್ತು ತರುತ್ತಾರೆ ಎಂದು ಕೇಳಿದೆ. ಅದನ್ನು ಓಡುತ್ತ ಮಾತಾಡೋಣ ಎಂದರು. ಶನಿವಾರ ಬೆಳಿಗ್ಗೆ ಆರೂವರೆಗೆ ಗ್ವಾಡಲೂಪೆ ದಂಡೆಗೆ ಹೊರಡಬೇಕಂತೆ.